ಡ್ರಮ್‌ಗೆ ಗಾಡಿ ಯಾರು ಮಾಡ್ತಾರೆ? (ಭಾಗ 6)

ಆಗಸ್ಟ್ 15ರ ಪೆರೇಡ್ ಫೋಟೋಗೆ ಲೈಕ್ ಒತ್ತಿದ್ರಲ್ಲ, ಥ್ಯಾಂಕ್ಸ್. ಇದು ಅದರ ಹಿಂದಿನ ರಾತ್ರಿ ಕಾಲೇಜ್ ಗೇಟ್ ಹತ್ರ ನಿಂತಿದ್ದ ಟಾಟಾ ಏಸ್.

ಬ್ಯಾಂಡ್ ಯೂನಿಫಾರ್ಮ್‌ಗೆ ದುಡ್ಡಿತ್ತು, ಟೋಪಿ ಗರಿಗೂ ಇತ್ತು. ಗಾಡಿ ಮಾತ್ರ 'ನೀವೇ ಯಾರನ್ನಾದ್ರೂ ನೋಡ್ಕೊಳ್ರೋ'. 14ನೇ ತಾರೀಖು ಸಂಜೆ ಸ್ಟ್ಯಾಂಡಿಗೆ ಹೋದ್ರೆ ಗಾಡಿ ಎಲ್ಲಿಂದ ಸಿಗುತ್ತೆ? ಶಾಮಿಯಾನದವರು ಆಗಲೇ ಹಿಡಿದಿದ್ರು. ಕೊನೆಗೆ ಒಂದೇ ಒಂದು ಸಿಕ್ತು.

ಡ್ರೈವರ್ ಅಣ್ಣ ಕೇಳಿದ್ದು 'ಎಷ್ಟು ತೂಕ?' ಅಂತ. ನಮ್ಮ ತಲೆನೋವು ತೂಕ ಅಲ್ಲ, ಜಾಗ. ಏಸ್ ಹಿಂಭಾಗ ಸುಮಾರು 7 ಅಡಿ ಉದ್ದ. ಬೇಸ್ ಡ್ರಮ್ ಒಳಗೆ ಬರೀ ಗಾಳಿ, ಆದ್ರೆ ಅದರ ಮೇಲೆ ಏನೂ ಹೇರೋ ಹಾಗಿಲ್ಲ. ಹೆಡ್ ಹರಿದ್ರೆ ಕಥೆ ಮುಗೀತು.

ಅದಕ್ಕೆ ಇಬ್ಬರು ಹಿಂದೆ ಕೂತು ಡ್ರಮ್ ತಬ್ಕೊಂಡು ಹೋದ್ವಿ. ಹಂಪ್ ಬಂತು. ಡ್ರಮ್ ಹಿಡೀಲಾ, ಪಕ್ಕದ ಕಂಬಿ ಹಿಡೀಲಾ? ನಾನು ಡ್ರಮ್ ಹಿಡಿದೆ! ಮನೆಗೆ ಬಂದ್ಮೇಲೆ ಕೈ ನಡುಗ್ತು. ಗೂಡ್ಸ್ ಗಾಡಿ ಹಿಂದೆ ಜನ ಕೂರೋದು ಕಾನೂನಿಗೇ ವಿರುದ್ಧ, ಏನಾದ್ರೂ ಆಗಿದ್ರೆ ಇನ್ಶೂರೆನ್ಸ್‌ನವರು ಮೊದಲು ಎತ್ತೋ ಪ್ರಶ್ನೆನೂ ಅದೇ.

ಅಕೌಂಟ್ಸಲ್ಲಿ ಕ್ಯಾರೇಜ್ ಇನ್‌ವರ್ಡ್ಸ್ ಅನ್ನ ಖರೀದಿ ಜೊತೆನೇ ಟ್ರೇಡಿಂಗ್ ಅಕೌಂಟಿಗೆ ಹಾಕ್ತೀವಿ. ಹಾಗೇ ಗಾಡಿ ಬಾಡಿಗೆನೂ ಬ್ಯಾಂಡ್ ಬಜೆಟ್‌ನ ಮೊದಲ ಸಾಲಲ್ಲಿ ಇರ್ಲಿ. ವಾರ ಮೊದಲೇ ಹಳದಿ ಬೋರ್ಡ್ ಗಾಡಿ ಹೇಳಿ, ಎರಡು ಟ್ರಿಪ್ ಆದ್ರೂ ಪರವಾಗಿಲ್ಲ. ವೇಟಿಂಗ್ ಚಾರ್ಜ್ ಮುಂಚೆನೇ ಮಾತಾಡಿ. ಹಳೇ ಕಂಬಳಿ, ಟಾರ್ಪಾಲ್ ಒಯ್ಯಿರಿ, ಆಗಸ್ಟ್ ಮಳೆ ಗೊತ್ತಲ್ಲ. ದುಡ್ಡು ಸಾಲ್ದಿದ್ರೆ ಗರಿ ಬಿಡಿ.

ಜನವರಿ 26ಕ್ಕೆ ನಾನಂತೂ ಹಿಂದೆ ಕೂರಲ್ಲ. ಸರ್‌ಗೆ ಹೇಳಿಯಾಗಿದೆ.