ಚಿತ್ರವನ್ನು ತಿದ್ದುವ ಮೊದಲು ಪರದೆಯನ್ನು ತಿದ್ದಿರಿ

ಗಜಕೋಲೇ ಮೊಟಕಾಗಿದ್ದರೆ, ಎಷ್ಟು ಎಚ್ಚರದಿಂದ ಅಳೆದರೂ ಬಟ್ಟೆಯ ಲೆಕ್ಕ ತಪ್ಪುವುದು. ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವವರಿಗೆ ಮಾನಿಟರಿನ ಪರದೆಯೇ ಗಜಕೋಲು. ಆದರೂ ಕ್ಯಾಮರಾಕ್ಕೆ ಸಾವಿರಾರು ರೂಪಾಯಿ ವ್ಯಯಿಸುವ ನಮ್ಮ ತರುಣರು ಪರದೆಯನ್ನು ಮಾತ್ರ ಪರೀಕ್ಷಿಸದೆಯೇ ನಂಬಿಬಿಡುತ್ತಾರೆ. ಇದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ.

ಕೊಳ್ಳುವವರ ಕಣ್ಸೆಳೆಯಲೆಂದು ಅನೇಕ ಪರದೆಗಳನ್ನು ಅತಿಯಾದ ಪ್ರಕಾಶಕ್ಕೆ ಅಳವಡಿಸಿರುತ್ತಾರೆ. ಮನೆಯ ಮಂದ ಬೆಳಕಿನಲ್ಲಿ ಅಂತಹ ಪರದೆಯ ಮೇಲೆ ಸರಿಯಾದ ಚಿತ್ರವೂ ಅತಿ ಬೆಳ್ಳಗೆ ಕಾಣುವುದರಿಂದ, ತಿದ್ದುವವನು ಅದನ್ನು ಕಪ್ಪಾಗಿಸುತ್ತಾನೆ. ಕಾಗದದ ಮೇಲೆ ಮುಖಗಳು ಮಂಕಾಗಿ ಮೂಡಿದಾಗ ನಿಂದೆ ಮುದ್ರಕನ ಪಾಲಿಗೆ ಬರುತ್ತದೆ!

ಕಣ್ಣೇ ಇದನ್ನು ಕಂಡುಹಿಡಿಯಲಾರದೆ? ಕಣ್ಣು ಸುತ್ತಲಿನ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ. ಹಳದಿ ದೀಪದಡಿಯಲ್ಲಿಯೂ ಬಿಳಿಯ ಕಾಗದ ಬಿಳಿಯದಾಗಿಯೇ ತೋರುತ್ತದೆ. ಬಾಳಿಗೆ ವರವಾದ ಈ ಗುಣ ವರ್ಣನಿರ್ಣಯಕ್ಕೆ ತೊಡಕು. ಆದುದರಿಂದಲೇ ಎಲ್ಲರೂ ಒಪ್ಪುವ ಮಾನಕವೊಂದು ಅಗತ್ಯವಾಯಿತು. 1996ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೂಚಿಸಿದ ಎಸ್‌ಆರ್‌ಜಿಬಿ ಎಂಬ ವರ್ಣವ್ಯವಸ್ಥೆ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಬಿಳುಪು ಸುಮಾರು 6500 ಕೆಲ್ವಿನ್ ವರ್ಣತಾಪದ ಹಗಲ ಬೆಳಕು. ಗ್ಯಾಮಾ ಸುಮಾರು 2.2. ಎಂದರೆ 0ಯಿಂದ 255ರವರೆಗಿನ ಅಂಕಗಳ ನಡುವಣ 128, ಪರದೆಯ ಪೂರ್ಣ ಬೆಳಕಿನ ಅರ್ಧವನ್ನಲ್ಲ, ಸುಮಾರು ಶೇಕಡ 22ನ್ನು ಮಾತ್ರ ಸೂಸುತ್ತದೆ. ನಮ್ಮ ಕಣ್ಣಿಗೆ ಅದೇ ಹೆಚ್ಚುಕಡಿಮೆ ನಡುವಣ ಬೂದುಬಣ್ಣ.

ಮಾನಿಟರಿನ ಪಟ್ಟಿಯಲ್ಲಿ ಈ ಮೂರನ್ನೂ ಆರಿಸಲು ಕಾಸೂ ಖರ್ಚಿಲ್ಲ. ರಾತ್ರಿಯಲ್ಲಿ ಪರದೆಯನ್ನು ಹಳದಿಯಾಗಿಸುವ ಮತ್ತು ಪ್ರಕಾಶವನ್ನು ತಾನಾಗಿ ಬದಲಿಸುವ ಏರ್ಪಾಟುಗಳನ್ನು ಕೆಲಸದ ವೇಳೆ ನಿಲ್ಲಿಸಬೇಕು. ಪ್ರಕಾಶ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇದ್ದರೆ ಸಾಕು. ಅಳೆಯುವ ಸಾಧನವಿಲ್ಲದವರು ಕೋಣೆಯ ದೀಪದಡಿ ಬಿಳಿಯ ಹಾಳೆಯೊಂದನ್ನು ಪರದೆಯ ಪಕ್ಕದಲ್ಲಿ ಹಿಡಿದು, ಪರದೆಯ ಬಿಳುಪನ್ನು ಅದರ ಕಾಂತಿಗೆ ಸಮೀಪಿಸುವಂತೆ ತಗ್ಗಿಸಲಿ.

“ನೋಡುವವರ ಪರದೆಗಳೇ ಬಗೆಬಗೆಯಾಗಿರುವಾಗ ನಮಗೇಕೆ ಈ ಶ್ರಮ?” ಎಂದು ಕೆಲವರು ಕೇಳಬಹುದು. ಒಬ್ಬರದು ಹಳದಿಯ ಕಡೆಗೆ, ಇನ್ನೊಬ್ಬರದು ನೀಲಿಯ ಕಡೆಗೆ ವಾಲಿರಬಹುದು. ಮಾನಕಕ್ಕೆ ಹೊಂದಿದ ಚಿತ್ರವಾದರೋ ಅವರ ದೋಷವೊಂದನ್ನೇ ಹೊರುತ್ತದೆ. ನಮ್ಮ ದೋಷವೂ ಸೇರಿದರೆ ಹೊರೆ ಇಮ್ಮಡಿಯಾದೀತು.

ಕಣ್ಣಿನ ಅಂದಾಜಿಗಿಂತ ವರ್ಣಮಾಪಕ ಯಂತ್ರ ಹೆಚ್ಚು ನಂಬತಕ್ಕದ್ದು. ಒಬ್ಬ ವಿದ್ಯಾರ್ಥಿಗೆ ಅದರ ಬೆಲೆ ಭಾರವೆನಿಸಬಹುದು. ಆದರೆ ಕಾಲೇಜಿನ ಛಾಯಾಚಿತ್ರ ಸಂಘವು ಮತ್ತೊಂದು ಲೆನ್ಸಿನ ಬದಲು ಇಂತಹ ಯಂತ್ರವೊಂದನ್ನು ಕೊಂಡರೆ, ಸದಸ್ಯರೆಲ್ಲರ ಪರದೆಗಳೂ ಒಂದೇ ಅಳತೆಗೆ ಬರುವುವು.