ಆಪ್ಶನ್ ಯಾರದ್ದು? ಡಿಗ್ರಿಗೆ ಸೇರುವ ತಮ್ಮ ತಂಗಿಯರಿಗೂ ಅವರ ಹೆತ್ತವರಿಗೂ



ಪ್ಲಸ್ ಟು ಫಲಿತಾಂಶ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಮನೆಮನೆಯಲ್ಲೂ ಒಂದೇ ಮಾತು. ‘ಯಾವ ಕಾಲೇಜು?’ ‘ಸೀಟು ಸಿಕ್ಕಿತಾ?’ ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗಲೂ ಅದೇ ಪ್ರಶ್ನೆ. ಆದರೆ ‘ಏನು ಕಲಿಯಬೇಕೆಂದಿದ್ದೀ?’ ಎಂದು ಕೇಳುವವರು ಕಡಿಮೆ. ‘ಅದನ್ನು ನೀನೇ ಆರಿಸಿದ್ದಾ?’ ಎಂದು ಕೇಳುವವರು ಇನ್ನೂ ಕಡಿಮೆ.

ಯುವಜನ ಘಟಕದ ನಾವು ಈ ಸಲ ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. ಕೋರ್ಸ್ ಆರಿಸುವ ಕೆಲಸವನ್ನು ಬೇರೆಯವರ ಕೈಗೆ ಬಿಟ್ಟುಕೊಡುವ ರೂಢಿ ನಿಲ್ಲಬೇಕು. ಅಕ್ಷಯ ಕೇಂದ್ರದವರು ಟೈಪ್ ಮಾಡಿಕೊಡಲಿ, ತೊಂದರೆಯಿಲ್ಲ. ಅವರೇ ಆರಿಸಿಕೊಡುವುದು ಬೇಡ. ಮಾವನ ಮಗ ಓದಿದ್ದಾನೆಂದು ಅದೇ ಕೋರ್ಸ್, ಗೆಳತಿ ಹೋಗುತ್ತಾಳೆಂದು ಅದೇ ಕಾಲೇಜು, ಬಸ್ಸು ಮನೆ ಎದುರೇ ನಿಲ್ಲುತ್ತದೆಂದು ಅದೇ ಸಬ್ಜೆಕ್ಟು: ಇದನ್ನು ಆಯ್ಕೆ ಎನ್ನಲಾಗದು.

‘ಹೇಗಾದರೂ ಒಂದು ಡಿಗ್ರಿ ಆದರೆ ಸಾಕು, ಮತ್ತೆ ನೋಡೋಣ’ ಎನ್ನುವವರಿದ್ದಾರೆ. ಹಿಂದೆ ಈ ಮಾತು ಸ್ವಲ್ಪ ನಡೆಯುತ್ತಿತ್ತು. ಒಂದು ವಿಷಯಕ್ಕೆ ಸೇರಿದರೆ ಅದರ ಜೊತೆಗಿನ ಪೇಪರುಗಳು ಹೆಚ್ಚುಕಡಿಮೆ ನಿಗದಿಯಾಗಿಯೇ ಬರುತ್ತಿದ್ದವು. ಈಗ ಹಾಗಿಲ್ಲ. 2024ರ ಜುಲೈಯಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಗಿದೆ. ಕಣ್ಣೂರು ವಿಶ್ವವಿದ್ಯಾಲಯದ ಅಡಿಯಲ್ಲಿರುವ ನಮ್ಮ ಕಾಸರಗೋಡು, ಮಂಜೇಶ್ವರದ ಕಾಲೇಜುಗಳಲ್ಲೂ ಇದೇ ಕ್ರಮ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಡಿಗ್ರಿ ಪಡೆದು ಹೊರಗೆ ಬರಬಹುದು. ನಾಲ್ಕನೆಯ ವರ್ಷವನ್ನೂ ಓದಿ 177 ಕ್ರೆಡಿಟ್ ಪೂರೈಸಿದರೆ ಆನರ್ಸ್. ಈ ಕ್ರೆಡಿಟ್‌ಗಳನ್ನು ಯಾವ ಯಾವ ಕೋರ್ಸ್‌ಗಳಿಂದ ತುಂಬಬೇಕು ಎನ್ನುವುದರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಯದ್ದೇ. ಮೇಜರ್ ಒಂದು ವಿಷಯ, ಜೊತೆಗೆ ಮೈನರ್ ವಿಷಯಗಳು, ಇಂಗ್ಲಿಷಿನೊಂದಿಗೆ ಇನ್ನೊಂದು ಭಾಷೆ, ಬೇರೆ ವಿಭಾಗದಿಂದ ತೆಗೆದುಕೊಳ್ಳುವ ಮಲ್ಟಿ ಡಿಸಿಪ್ಲಿನರಿ ಕೋರ್ಸ್, ಮುಂದೆ ಕೌಶಲದ ಕೋರ್ಸ್, ಮೌಲ್ಯದ ಕೋರ್ಸ್, ಇಂಟರ್ನ್‌ಶಿಪ್. ಹೆಸರು ಕೇಳಿದರೆ ತಲೆ ತಿರುಗುತ್ತದೆ, ನಿಜ. ತಲೆ ತಿರುಗುತ್ತದೆಂದು ಪಕ್ಕದವನ ಫಾರ್ಮ್ ನೋಡಿ ಬರೆದರೆ ಮಾತ್ರ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಯಾಕೆ ಎಂದು ಹೇಳುತ್ತೇವೆ, ಗಮನವಿಟ್ಟು ಓದಿ. ಸೇರಿದ ಮೇಜರ್ ನಿಮಗೆ ಹಿಡಿಸಲಿಲ್ಲ ಎಂದುಕೊಳ್ಳಿ. ಎರಡನೆಯ ಸೆಮಿಸ್ಟರ್ ಮುಗಿದಾಗ ಮೇಜರ್ ಬದಲಾಯಿಸಲು ಅವಕಾಶವಿದೆ. ಆದರೆ ಹೋಗಬೇಕೆಂದಿರುವ ವಿಷಯದಲ್ಲಿ ಸೀಟು ಇರಬೇಕು. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಅದನ್ನು ಮೈನರ್ ಆಗಿಯೋ ಮಲ್ಟಿ ಡಿಸಿಪ್ಲಿನರಿ ಕೋರ್ಸ್ ಆಗಿಯೋ ನೀವು ಕಲಿತಿರಬೇಕು. ಅಂದರೆ ಸೇರಿದ ವಾರದಲ್ಲಿ ‘ಯಾವುದಾದರೂ ಹಾಕಿ ಸಾರ್’ ಎಂದು ತೆಗೆದುಕೊಂಡ ಆ ಮೈನರೇ ವರ್ಷದ ಕೊನೆಗೆ ನಿಮಗಿರುವ ಬಾಗಿಲು. ಫಿಸಿಕ್ಸ್‌ಗೆ ಸೇರಿ, ಮನಸ್ಸು ಗಣಿತದ ಕಡೆಗಿದ್ದರೆ, ಮೈನರ್‌ನಲ್ಲಿ ಗಣಿತ ಇರಲಿ. ಮಾರ್ಕು ಸುಲಭ ಎಂದು ಯಾರೋ ಹೇಳಿದ ವಿಷಯ ಹಿಡಿದವನಿಗೆ ಆ ಬಾಗಿಲು ಇಲ್ಲ.

ಅದಕ್ಕೂ ಮೊದಲು ಆಪ್ಶನ್‌ಗಳ ಕ್ರಮ. ಏಕಗವಾಕ್ಷಿ ಪ್ರವೇಶದಲ್ಲಿ ಮೇಲೆ ಬರೆದ ಆಪ್ಶನ್ ಸಿಕ್ಕಿತೆಂದರೆ ಅದರ ಕೆಳಗಿನವು ರದ್ದಾಗುತ್ತವೆ. ಬೇಡವಾದ ಕೋರ್ಸನ್ನು ‘ಸುಮ್ಮನೆ ಇರಲಿ’ ಎಂದು ಮೇಲೆ ಹಾಕಬೇಡಿ, ಅದೇ ಸಿಕ್ಕಿಬಿಟ್ಟೀತು. ಅಲಾಟ್‌ಮೆಂಟ್ ಬಂದ ಮೇಲೆ ಹೇಳಿದ ದಿನದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತದೆ. ಲಾಗಿನ್ ಪಾಸ್‌ವರ್ಡು, ರಿಜಿಸ್ಟರ್ ಮಾಡಿದ ಮೊಬೈಲ್ ನಂಬರು ನಿಮ್ಮದೇ ಆಗಿರಲಿ. ಸಮುದಾಯ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಬೇಕಾದವರು ವಿಲೇಜ್ ಆಫೀಸಿನ ಕೆಲಸವನ್ನು ಕೊನೆಯ ದಿನಕ್ಕೆ ಇಡಬೇಡಿ. ಚರ್ಚಿನಿಂದ ಪತ್ರ ಬೇಕಿದ್ದರೆ ಫಾದರ್ ಅವರಲ್ಲಿ ಮೊದಲೇ ಹೇಳಿ.

ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರಿಗೂ ಒಂದು ಮಾತು. ಅಲ್ಲಿಯ ಲೆಕ್ಕ ಬೇರೆ. ಕರ್ನಾಟಕ ಸರಕಾರ 2024–25ರಿಂದ ನಾಲ್ಕು ವರ್ಷದ ಕ್ರಮ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ಯಾವುದು ಒಳ್ಳೆಯದು ಎಂದು ನಾವು ತೀರ್ಪು ಕೊಡುವುದಿಲ್ಲ. ಮುಂದೆ ಎಲ್ಲಿ ಓದಬೇಕು, ಎಲ್ಲಿ ಕೆಲಸ ಹುಡುಕಬೇಕು, ಫೀಸೆಷ್ಟು, ದಿನಾ ರೈಲಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ. ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ‘ಮಂಗಳೂರಿನ ಕಾಲೇಜು’ ಎಂದು ನೆಂಟರ ಮುಂದೆ ಹೇಳಿಕೊಳ್ಳಲು ಚೆಂದ ಎನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಈಗ ನಮಗೆ ಹೆಚ್ಚು ನೋವಿನ ವಿಷಯಕ್ಕೆ ಬರುತ್ತೇವೆ: ಭಾಷೆ.

ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಆರಿಸಬೇಕಾದಾಗ ನಮ್ಮ ಮನೆಗಳಲ್ಲಿ ಕೇಳುವ ಮಾತು ಗೊತ್ತೇ ಇದೆ. ‘ಕನ್ನಡ ಯಾಕೆ? ಅದರಿಂದ ಏನು ಸಿಗುತ್ತದೆ?’ ಹತ್ತು, ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳೂ ಕಾಲೇಜಿನ ಬಾಗಿಲಲ್ಲಿ ಕನ್ನಡವನ್ನು ಬಿಟ್ಟು ಒಳಗೆ ಹೋಗುತ್ತಾರೆ. ಇತ್ತ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಕಾಸರಗೋಡಿನಲ್ಲಿ ಪ್ರತಿಭಟನೆ ನಡೆದಿದೆ. ನಡೆಯಲೇಬೇಕಿತ್ತು. ಆದರೆ ಪ್ರತಿಭಟನೆಗೆ ಹೋಗಿ ಘೋಷಣೆ ಕೂಗಿದ ಮನೆಯಲ್ಲೇ ಜೂನ್ ತಿಂಗಳಲ್ಲಿ ಮಗನಿಗೆ ‘ಕನ್ನಡ ಬೇಡ’ ಎಂದರೆ ನಾವು ಕೇಳುವುದು ಒಂದೇ: ನಾಳೆ ಕನ್ನಡದಲ್ಲಿ ಪಾಠ ಮಾಡುವ ಶಿಕ್ಷಕರು ಎಲ್ಲಿಂದ ಬರಬೇಕು?

ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆ ನಿಲ್ಲುವುದು ವಾರಕ್ಕೆ ಎಷ್ಟು ಗಂಟೆ ಪಾಠ ಇದೆ ಎನ್ನುವುದರ ಮೇಲೆ. ಮಕ್ಕಳು ಆರಿಸದಿದ್ದರೆ ಗಂಟೆ ಕಡಿಮೆ, ಗಂಟೆ ಕಡಿಮೆಯಾದರೆ ಹುದ್ದೆಗೆ ಕುತ್ತು. ಹುದ್ದೆ ಹೋದ ಮೇಲೆ, ಆರಿಸಬೇಕೆಂದು ಬಂದ ಮಗುವಿಗೂ ಪಾಠವಿಲ್ಲ. ಒಂದು ಭಾಷೆಯನ್ನು ಯಾರೂ ಒದ್ದು ಓಡಿಸಬೇಕಾಗಿಲ್ಲ, ನಾವು ಆರಿಸದೆ ಬಿಟ್ಟರೆ ಸಾಕು.

‘ಕನ್ನಡಕ್ಕೆ ಕೆಲಸ ಇಲ್ಲ’ ಎನ್ನುವುದೂ ಪೂರ್ತಿ ಸತ್ಯವಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಹುದ್ದೆಗಳಿಗೆ ಕೇರಳ ಪಿ.ಎಸ್.ಸಿ. ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ, ಗಣಿತಕ್ಕೂ ವಿಜ್ಞಾನಕ್ಕೂ ಸೇರಿಸಿ. ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆಯೂ ಇದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡವನ್ನು ಎಂ.ಎ. ವರೆಗೆ ಓದಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗವಿದೆ. ಬಿ.ಎಸ್ಸಿ. ಓದುವವರು ಕನ್ನಡವನ್ನು ಭಾಷೆಯಾಗಿ ತೆಗೆದುಕೊಂಡರೆ ಅವರ ವಿಜ್ಞಾನವೇನೂ ಕಡಿಮೆಯಾಗುವುದಿಲ್ಲ.

‘ಹಾಗಾದರೆ ಮಲಯಾಳ ಬೇಡವೇ?’ ಬೇಕು, ಚೆನ್ನಾಗಿಯೇ ಬೇಕು. ಆಫೀಸಿಗೆ, ಆಸ್ಪತ್ರೆಗೆ, ಗೆಳೆತನಕ್ಕೆ ಮಲಯಾಳ ಬೇಕು. ಅದನ್ನು ಕ್ಯಾಂಟೀನಿನಲ್ಲಿ, ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ಮಾತಾಡಿ ಕಲಿಯಿರಿ. ಬೋರ್ಡು ಓದುವಷ್ಟು ಅಕ್ಷರವನ್ನೂ ಕಲಿಯಿರಿ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರಿಗೆ ಇನ್ನೊಂದು ಭಾಷೆ ಭಾರವಲ್ಲ. ಒಂದನ್ನು ಕಲಿಯಲು ಇನ್ನೊಂದನ್ನು ಎಸೆಯಬೇಕು ಎನ್ನುವ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ನಮ್ಮ ಪ್ರಭುವಿನ ಶಿಲುಬೆಯ ದಿನದ ಬಗ್ಗೆ ‘ಗೊಲ್ಗೊಥಾ’ ಎಂಬ ಕಾವ್ಯ ಬರೆದದ್ದು ಕನ್ನಡದಲ್ಲಿ. ಮಂಜೇಶ್ವರದ ಸರಕಾರಿ ಕಾಲೇಜಿಗೆ ಅವರದೇ ಹೆಸರು. ಆ ಹೆಸರಿನ ಗೇಟು ದಾಟಿ ಒಳಗೆ ಹೋಗುವ ಕ್ರೈಸ್ತ ಮಕ್ಕಳಿಗೆ ಆ ಕಾವ್ಯ ಓದಲು ಬಾರದಿದ್ದರೆ ನಷ್ಟ ಯಾರಿಗೆ?

ಸೇರಿದ ಮೇಲಿನ ದಿನಗಳ ಬಗ್ಗೆಯೂ ನೇರ ಮಾತು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳುವುದುಂಟು. ಅರ್ಧ ಪಾಠ ಇಂಗ್ಲಿಷಿನಲ್ಲಿ, ಅರ್ಧ ಮಲಯಾಳದಲ್ಲಿ ಹೋಗುತ್ತದೆ. ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ. ಕೇಳದೆ ಇದ್ದರೆ ಮಾತ್ರ ನಷ್ಟ ನಿಮ್ಮದೇ. ‘ಸಾರ್, ಇದನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ’ ಎಂದು ಕೇಳುವ ಹಕ್ಕು ನಿಮಗಿದೆ. ಹಾಜರಾತಿ ಶೇಕಡಾ 75 ಬೇಕೇ ಬೇಕು. ಇಂಟರ್ನಲ್ ಮಾರ್ಕಿನ ಲೆಕ್ಕ ಪರೀಕ್ಷೆಯ ತಿಂಗಳಲ್ಲಿ ಶುರುವಾಗುವುದಲ್ಲ. ಅಸೈನ್‌ಮೆಂಟು, ಸೆಮಿನಾರು ಎಂದು ಮೊದಲಿನಿಂದಲೇ ಸೇರುತ್ತಾ ಹೋಗುತ್ತದೆ. ವಿಶ್ವವಿದ್ಯಾಲಯದ ಸೈಟಿನಿಂದ ನಿಮ್ಮ ಕೋರ್ಸಿನ ಸಿಲೆಬಸ್ ಇಳಿಸಿಕೊಂಡು ಮೊದಲ ವಾರವೇ ಓದಿ. ರ‍್ಯಾಗಿಂಗ್ ಎಂದು ಯಾರಾದರೂ ಮೈಮೇಲೆ ಬಂದರೆ ಸಹಿಸಿಕೊಳ್ಳಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ. ಮನೆಯಲ್ಲಿ ಹೇಳಿ, ಕಾಲೇಜಿನಲ್ಲಿ ಹೇಳಿ, ನಮಗೂ ಹೇಳಿ.

ಹೆತ್ತವರೇ, ‘ಮಕ್ಕಳಿಗೆ ಏನು ಗೊತ್ತು?’ ಎಂದು ನೀವು ಕೇಳಬಹುದು. ಹದಿನೆಂಟು ತುಂಬಿದವರಿಗೆ ಓಟಿನ ಹಕ್ಕಿದೆ. ಆಳುವವರನ್ನು ಆರಿಸಬಲ್ಲ ವಯಸ್ಸಿನವರು ಓದುವ ವಿಷಯವನ್ನು ಆರಿಸಲಾರರೇ? ನಿಮ್ಮ ಅನುಭವ ಬೇಕು, ಫೀಸು ಕಟ್ಟುವವರು ನೀವೇ ಎನ್ನುವುದನ್ನೂ ನಾವು ಮರೆತಿಲ್ಲ. ಗಲ್ಫಿನ ಬಿಸಿಲಲ್ಲಿ, ಅಡಿಕೆ ತೋಟದಲ್ಲಿ ದುಡಿದ ಹಣ ಅದು. ಆ ಹಣಕ್ಕೆ ಬೆಲೆ ಬರುವುದು ಮಗು ಮನಸ್ಸಿಟ್ಟು ಓದಿದಾಗಲೇ. ಮನಸ್ಸಿಲ್ಲದ ಕೋರ್ಸಿಗೆ ಸೇರಿ ಎರಡನೆಯ ಸೆಮಿಸ್ಟರಿನಲ್ಲಿ ಚೀಲ ಮೂಲೆಗೆ ಎಸೆದ ಮಗು ಮನೆಯಲ್ಲಿ ಕುಳಿತರೆ, ‘ನಾನು ಹೇಳಿದ್ದನ್ನೇ ಹಾಕಿದ್ದು’ ಎಂಬ ಸಮಾಧಾನದಿಂದ ಏನು ಪ್ರಯೋಜನ? ಸಲಹೆ ಕೊಡಿ, ಲೆಕ್ಕ ತೋರಿಸಿ, ಬೇಕಿದ್ದರೆ ವಾದ ಮಾಡಿ. ಕೊನೆಯ ಕ್ಲಿಕ್ ಮಾತ್ರ ಮಗುವಿನದ್ದಾಗಲಿ.

ಧರ್ಮಕೇಂದ್ರಕ್ಕೂ ನಮ್ಮದೊಂದು ಬೇಡಿಕೆ. ಎಲ್ಲದರಲ್ಲೂ ಎ ಪ್ಲಸ್ ಪಡೆದವರಿಗೆ ಶಾಲು, ಫಲಕ ಕೊಟ್ಟು ಫೋಟೊ ತೆಗೆಯುವ ಕಾರ್ಯಕ್ರಮ ಇರಲಿ, ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಹೇಗೋ ಪಾಸಾಗಿ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತ ಮಗುವಿಗೇ ಈ ತಿಂಗಳು ಹೆಚ್ಚು ಸಹಾಯ ಬೇಕು. ಶಾಲಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿ, ಅಲಾಟ್‌ಮೆಂಟ್ ಮುಗಿಯುವವರೆಗೆ ಪ್ರತಿ ಭಾನುವಾರ ಪೂಜೆಯ ನಂತರ ಚರ್ಚ್ ಹಾಲಿನಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಡೋಣ. ಈಗಾಗಲೇ ಡಿಗ್ರಿ ಓದುತ್ತಿರುವ ಒಬ್ಬ ಅಣ್ಣನಿಗೋ ಅಕ್ಕನಿಗೋ ಹೊಸದಾಗಿ ಸೇರುವ ಒಬ್ಬರನ್ನು ಜೋಡಿಸೋಣ. ಮೊದಲ ಇಂಟರ್ನಲ್ ಪರೀಕ್ಷೆ ಮುಗಿಯುವವರೆಗೆ ಅವರ ಜವಾಬ್ದಾರಿ ಇವರದ್ದು. ಆರಿಸುವವರು ಅವರೇ, ಪಕ್ಕದಲ್ಲಿ ಕುಳಿತು ಸಿಲೆಬಸ್ ತೋರಿಸುವವರು ನಾವು.

ಜೂನ್ ಬರುವ ಮೊದಲು ಯುವಜನ ಘಟಕದ ಯಾರನ್ನಾದರೂ ಹಿಡಿದು ಹೆಸರು ಕೊಡಿ. ಬರುವಾಗ ಪ್ಲಸ್ ಟು ಅಂಕಪಟ್ಟಿ ತನ್ನಿ. ಜೊತೆಗೆ, ಏನು ಓದಬೇಕೆಂದು ನೀವೇ ಬರೆದ ಒಂದು ಚೀಟಿ ತನ್ನಿ. ಅಪ್ಪ ಬರೆದುಕೊಟ್ಟ ಚೀಟಿ ಬೇಡ.