ಕೈ ಜೋಮು ಹಿಡಿದರೆ ಸೂಜಿಗಿಂತ ಮೊದಲು ಹೆಗಲು ನೋಡಿ

"ಕೈ ಜೋಮು ಹಿಡೀತದ್ರೀ, ಮ್ಯಾಲ ಎತ್ತಿದ್ರ ಸೋತು ಬೀಳ್ತದ." ಎಪಿಎಂಸಿ ಯಾರ್ಡುಗಳಲ್ಲಿ ಹಮಾಲರನ್ನು ಮಾತಾಡಿಸುವಾಗ ನಮ್ಮ ಬಳಗದವರು ಮತ್ತೆ ಮತ್ತೆ ಕೇಳುವ ಮಾತಿದು. ಮೇವಿನ ಹೊರೆ ಹೊರುವ ಹೆಂಗಸರೂ ಇದನ್ನೇ ಹೇಳುತ್ತಾರೆ. ಊರಲ್ಲಿ ಸಿಗುವ ಉತ್ತರ ಎರಡೇ: ಒಂದು 'ವಾಯು', ಇನ್ನೊಂದು 'ನರದ ವೀಕ್ನೆಸ್'. ಎರಡಕ್ಕೂ ಮದ್ದು ಒಂದೇ, ಕೆಂಪು ಬಣ್ಣದ ಬಿ-12 ಇಂಜೆಕ್ಷನ್.

ಬಿ-12 ಕಡಿಮೆ ಇದ್ದವರಿಗೆ ಅದು ಬೇಕೇ ಬೇಕು. ನಮ್ಮ ತಕರಾರು ಬೇರೆ. ಸೂಜಿ ಚುಚ್ಚುವ ಮೊದಲು "ಏನು ಕೆಲಸ ಮಾಡ್ತೀರಿ? ಯಾವ ಬೆರಳು? ಕೈ ಎತ್ತಿ, ನೋಡೋಣ" ಎಂದು ಕೇಳುವವರು ಯಾಕೆ ಇಷ್ಟು ಕಡಿಮೆ?

ಕತ್ತಿನಿಂದ ಕೈಗೆ ಹೋಗುವ ನರಗಳು, ರಕ್ತನಾಳಗಳು ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟು ಸಂದಿಯಲ್ಲಿ ಹಾದುಹೋಗುತ್ತವೆ. ಆ ಸಂದಿ ಕಿರಿದಾಗಿ ನರವೋ ರಕ್ತನಾಳವೋ ಅಮುಕಿಕೊಂಡರೆ ಡಾಕ್ಟರು ಅದನ್ನು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಅಂತಾರೆ. ಕೆಲವರಿಗೆ ಹುಟ್ಟಿನಿಂದಲೇ ಕತ್ತಿನಲ್ಲಿ ಒಂದು ಹೆಚ್ಚುವರಿ ಎಲುಬು ಇರುತ್ತದೆ. ಕೆಲವರಿಗೆ ಬೈಕಿನಿಂದ ಬಿದ್ದು ಮುರಿದ ಕಾಲರ್ ಬೋನ್ ಸೊಟ್ಟಗೆ ಕೂಡಿಕೊಂಡಿರುತ್ತದೆ. ಇದರ ಮೇಲೆ ಹೆಗಲ ಭಾರ, ಕೈ ಮೇಲೆತ್ತಿಯೇ ಮಾಡುವ ಕೆಲಸ ಸೇರಿದರೆ ತೊಂದರೆ ಹೆಚ್ಚು. ಚೀಲ ಹೊರುವವರು, ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವವರು, ಪೇಂಟರುಗಳು, 16 ಲೀಟರಿನ ಸ್ಪ್ರೇಯರ್ ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಓಡಾಡುವವರು ಇದನ್ನು ತಿಳಿದಿರಬೇಕು.

ಜೋಮು ಹಿಡಿದ ಕೈಗೆಲ್ಲ ಇದೇ ಕಾಯಿಲೆ ಅಂತಲ್ಲ. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಹೆಚ್ಚಾಗಿ ಮಣಿಕಟ್ಟಿನ ನರದ ಸಮಸ್ಯೆ. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಪಾದದಿಂದ ಶುರು. ಕತ್ತಿನ ಡಿಸ್ಕ್ ಜಾರಿದರೂ ಕೈ ನೋಯುತ್ತದೆ. ಹೆಗಲ ಸಂದಿಯದಾದರೆ ಹೆಚ್ಚಾಗಿ ಕಿರುಬೆರಳು, ಉಂಗುರ ಬೆರಳು, ಮುಂಗೈಯ ಒಳಬದಿ ಮರಗಟ್ಟುತ್ತದೆ, ಕೈ ಎತ್ತಿದಾಗ ಜಾಸ್ತಿಯಾಗುತ್ತದೆ.

ಪತ್ತೆ ಹಚ್ಚಲು ಒಂದೇ ಒಂದು ಪಕ್ಕಾ ಟೆಸ್ಟ್ ಇಲ್ಲ. ಎರಡೂ ತೋಳು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮಡಚಿ, ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿಸುತ್ತಾರೆ. ತೊಂದರೆ ಇರುವ ಕೈ ಬೇಗ ಸೋಲುತ್ತದೆ. ಆರೋಗ್ಯವಂತರಿಗೂ ತೋಳು ನೋಯಬಹುದು, ಹಾಗಾಗಿ ಮನೆಯಲ್ಲಿ ಮಾಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಹೆಚ್ಚುವರಿ ಎಲುಬು ಎಕ್ಸ್-ರೇಯಲ್ಲಿ ಕಾಣುತ್ತದೆ. ಆಮೇಲೆ ಬೇಕಾದರೆ ನರದ ಪರೀಕ್ಷೆ, ಡಾಪ್ಲರ್, ಎಂಆರ್‌ಐ. ನಮ್ಮ ಜನ ಸಾಲ ಮಾಡಿ ನೇರ ಎಂಆರ್‌ಐಗೆ ಓಡುತ್ತಾರೆ. ಓಡಿಸುವವರೂ ಇದ್ದಾರೆನ್ನಿ.

ಒಂದು ಮಾತು ಮಾತ್ರ ಮರೆಯಬೇಡಿ. ಕೈ ದಿಢೀರನೆ ಊದಿ ನೀಲಿಗಟ್ಟಿದರೆ, ಇಲ್ಲವೇ ತಣ್ಣಗಾಗಿ ಬಿಳಿಚಿಕೊಂಡರೆ, ಎಣ್ಣೆ ತಿಕ್ಕುತ್ತ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.

ಇಂಥ ಪ್ರಕರಣ ಕಡಿಮೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒತ್ತಡ ಬೀಳುವುದು ನರದ ಮೇಲೆ. ಅದಕ್ಕೆ ಮೊದಲ ಚಿಕಿತ್ಸೆ ಕತ್ತು, ಹೆಗಲಿನ ವ್ಯಾಯಾಮ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಅಷ್ಟರಲ್ಲೂ ಗುಣವಾಗದಿದ್ದರೆ, ಅಂಗೈಯ ಮಾಂಸ ಬತ್ತುತ್ತಿದ್ದರೆ, ಮೊದಲ ಪಕ್ಕೆಲುಬು ತೆಗೆಯುವ ಆಪರೇಷನ್ ಇದೆ. ಪಕ್ಕದಲ್ಲೇ ಶ್ವಾಸಕೋಶ, ದೊಡ್ಡ ರಕ್ತನಾಳ ಇರುವುದರಿಂದ ಅದು ಅನುಭವಿ ಸರ್ಜನ್ ಕೈಯಲ್ಲೇ ಆಗಬೇಕು.

ವ್ಯಾಯಾಮಕ್ಕೆ ದುಡ್ಡು ಹೆಚ್ಚು ಬೇಡ, ಹೇಳಿಕೊಡುವವರು ಬೇಕು. ನಾವು ಸುದ್ದಿಗೆ ಓಡಾಡುವ ಕಡೆಯಲ್ಲೆಲ್ಲ ಫಿಸಿಯೋಥೆರಪಿ ಅಂದರೆ ಜಿಲ್ಲಾಸ್ಪತ್ರೆಗೆ ಹೋಗಿ ಅಂತಾರೆ. ಒಂದು ಸಲ ಹೋಗಿ ಬಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಯಿತು. ಎರಡನೇ ವಾರಕ್ಕೆ ಯಾರು ಹೋಗುತ್ತಾರೆ? "ಭಾರ ಎತ್ತಬೇಡಿ" ಎನ್ನುವ ಸಲಹೆ ಹಮಾಲನಿಗೆ "ಊಟ ಬಿಡಿ" ಅಂದಂತೆ.

ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆ, ಸಂತೆ ದಿನ, ಫಿಸಿಯೋಥೆರಪಿಸ್ಟ್ ಬರಲಿ. ಸಂತೆಗೆ ಬಂದವರು ಹಾಗೇ ತೋರಿಸಿಕೊಂಡು ಹೋಗುತ್ತಾರೆ. ಕ್ವಿಂಟಲ್ ಚೀಲ ಇನ್ನೂ ಹೆಗಲೇರುವ ಯಾರ್ಡುಗಳಲ್ಲಿ 50 ಕೆಜಿ ಮಿತಿ ಹಾಕಲಿ. ಎರಡನೆಯದಕ್ಕೆ ವರ್ತಕರು ಒಪ್ಪಲು ವರ್ಷಗಳೇ ಬೇಕಾಗಬಹುದು. ಮೊದಲನೆಯದನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಅರ್ಜಿ ಬರೆದು ಇಡಬಹುದು. ಅರ್ಜಿ ಬರೆಯಲು ಬಾರದಿದ್ದರೆ ನಮ್ಮನ್ನು ಕರೆಯಿರಿ, ಬರೆದುಕೊಡುತ್ತೇವೆ.